ಅಲ್ಗಾರ್ವ್‌ನಲ್ಲಿ ಗಾಲ್ಫ್ ರಜೆ: ಮೊದಲು ಟೀ ಟೈಮ್, ವಿಮಾನದ ಟಿಕೆಟ್ ಕೊನೆಗೆ

ಪೋರ್ಚುಗಲ್ ದೇಶದ ದಕ್ಷಿಣ ಅಂಚಿನಲ್ಲಿರುವ ಅಲ್ಗಾರ್ವ್ ಪ್ರಾಂತ್ಯ ಅಟ್ಲಾಂಟಿಕ್ ಕರಾವಳಿಯುದ್ದಕ್ಕೂ ಪೂರ್ವ ಪಶ್ಚಿಮವಾಗಿ ಸುಮಾರು 150 ಕಿಲೋಮೀಟರ್ ಚಾಚಿಕೊಂಡಿದೆ. ಭತ್ತ ಬೆಳೆಯುತ್ತಿದ್ದ ಜೌಗು ನೆಲದಲ್ಲಿ ಇಂಗ್ಲೆಂಡಿನ ಗಾಲ್ಫ್ ಆಟಗಾರ ಹೆನ್ರಿ ಕಾಟನ್ ರೂಪಿಸಿದ ಪೆನೀನಾ ಮೈದಾನ 1966ರಲ್ಲಿ ತೆರೆದ ಮೇಲೆ ಇಲ್ಲಿ ಗಾಲ್ಫ್ ಬೇರೂರಿತು. ಇಂದು ಮೈದಾನಗಳ ಸಂಖ್ಯೆ 40ರ ಆಸುಪಾಸಿನಲ್ಲಿದೆ. ವಿಮಾನ, ಹೋಟೆಲ್, ಕೊನೆಗೆ ಟೀ ಟೈಮ್ (ಮೈದಾನದಲ್ಲಿ ಆಟ ಆರಂಭಿಸಲು ಕಾಯ್ದಿರಿಸುವ ಸಮಯ) ಎಂಬುದು ಪ್ರವಾಸಿಗರು ಸಾಮಾನ್ಯವಾಗಿ ಅನುಸರಿಸುವ ಕ್ರಮ. ಆದರೆ ಆಟಕ್ಕೆಂದೇ ಅಷ್ಟು ದೂರ ಹೋಗುವವರು ಇದನ್ನು ತಿರುವುಮುರುವು ಮಾಡಿಕೊಳ್ಳುವುದು ಒಳ್ಳೆಯದು.

ಮೊದಲು ನಿಶ್ಚಯಿಸಬೇಕಾದದ್ದು ತಿಂಗಳನ್ನು. ಅಲ್ಲಿ ಮಳೆ ಬೀಳುವುದು ಬೇಸಿಗೆಯ ಬೆನ್ನಿಗಲ್ಲ, ಮುಖ್ಯವಾಗಿ ನವೆಂಬರ್‌ನಿಂದ ಮಾರ್ಚ್‌ವರೆಗಿನ ಚಳಿಗಾಲದಲ್ಲಿ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಯುರೋಪಿನ ಕುಟುಂಬಗಳು ಕಡಲತೀರಕ್ಕೆ ಮುಗಿಬೀಳುವುದರಿಂದ ಹೋಟೆಲ್ ದರ ಏರುತ್ತದೆ, ಬಿಸಿಲೂ ಚುರುಕಾಗಿರುತ್ತದೆ. ಗಾಲ್ಫ್ ಆಟಗಾರರು ಹೆಚ್ಚಾಗಿ ಬರುವುದು ವಸಂತ ಮತ್ತು ಶರತ್ಕಾಲದಲ್ಲಿ. ಗ್ರೀನ್ ಫೀ, ಅಂದರೆ ಮೈದಾನದಲ್ಲಿ ಆಡಲು ಕಟ್ಟುವ ಶುಲ್ಕ, ಕೂಡ ಆಗಲೇ ಹೆಚ್ಚು. ನನ್ನ ಆಯ್ಕೆ ಮೇ ತಿಂಗಳು, ಏಕೆಂದರೆ ಆಗ ರಾತ್ರಿ ಎಂಟು ದಾಟಿದರೂ ಬೆಳಕಿರುತ್ತದೆ, ಮಧ್ಯಾಹ್ನದ ನಂತರ ಕಡಿಮೆ ದರದಲ್ಲಿ ಸಿಗುವ ಟ್ವಿಲೈಟ್ ಸುತ್ತನ್ನೂ ನಿರಾತಂಕವಾಗಿ ಮುಗಿಸಬಹುದು. ಡಿಸೆಂಬರ್‌ನಲ್ಲಿ ಐದೂಕಾಲರ ಸುಮಾರಿಗೆ ಸೂರ್ಯ ಮುಳುಗುವುದರಿಂದ ಅದೇ ಟ್ವಿಲೈಟ್ ಟಿಕೆಟ್‌ನಲ್ಲಿ ಒಂದು ಸುತ್ತಿನ ಹದಿನೆಂಟು ಹೋಲ್ ಮುಗಿಯುವುದು ಅನುಮಾನ. ಯಾವ ತಿಂಗಳಾದರೂ ಹಣ ಕಟ್ಟುವ ಮುನ್ನ ಮೈದಾನದವರಲ್ಲಿ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಬೇಕು: ನಾವು ಬರುವ ವಾರದಲ್ಲಿ ಗ್ರೀನ್‌ಗಳಿಗೆ (ಹೋಲ್ ಸುತ್ತಲಿನ ನುಣುಪು ಹುಲ್ಲಿಗೆ) ರಂಧ್ರ ಕೊರೆದು ಮರಳು ತುಂಬುವ ಕೆಲಸವಿದೆಯೇ? ಹುಲ್ಲಿನ ಬೇರಿಗೆ ಗಾಳಿಯಾಡಲು ಇದು ಅಗತ್ಯವೇ ಆದರೂ, ಅದು ಮುಗಿದ ಕೆಲವು ದಿನ ಚೆಂಡು ನೆಟ್ಟಗೆ ಉರುಳುವುದಿಲ್ಲ.

ಎರಡನೆಯದು ತಂಗುವ ಊರು. ಪಶ್ಚಿಮದಲ್ಲಿ ಲಾಗೋಸ್ ಮತ್ತು ಪೋರ್ಟಿಮಾವ್ ಸುತ್ತಮುತ್ತ ಪಾಲ್ಮಾರೆಸ್, ಪೆನೀನಾ. ಪೂರ್ವದಲ್ಲಿ, ಸ್ಪೇನ್ ಗಡಿಗೆ ಹತ್ತಿರವಾಗಿ, ಅಮೆರಿಕದ ಗಾಲ್ಫ್ ಆಟಗಾರ ಜಾಕ್ ನಿಕ್ಲಾಸ್ ವಿನ್ಯಾಸದ ಮೋಂಟೆ ರೇ. ಮೊದಲ ಬಾರಿ ಹೋಗುವವರಿಗೆ ಇವೆರಡಕ್ಕಿಂತ ನಡುವಿನ ಭಾಗವೇ ಅನುಕೂಲ. ಫಾರೋ ವಿಮಾನ ನಿಲ್ದಾಣದಿಂದ ಅರ್ಧ ಗಂಟೆಯ ಹಾದಿಯಲ್ಲಿರುವ ವಿಲಮೌರಾದಲ್ಲೇ ಹಲವು ಮೈದಾನಗಳಿವೆ. 1969ರ ಓಲ್ಡ್ ಕೋರ್ಸ್ ಪೈನ್ ಮರಗಳ ನಡುವೆ ಇಕ್ಕಟ್ಟಾಗಿ ಸಾಗಿದರೆ, ಇನ್ನೊಬ್ಬ ಅಮೆರಿಕನ್ ಆಟಗಾರ ಆರ್ನಾಲ್ಡ್ ಪಾಮರ್ ವಿನ್ಯಾಸದ ವಿಕ್ಟೋರಿಯಾ ವಿಶಾಲವಾಗಿತ್ತು, ನೀರಿನ ಅಡೆತಡೆಗಳೂ ಅಲ್ಲಿ ಸಾಕಷ್ಟಿದ್ದವು; 2007ರಿಂದ 2022ರವರೆಗೆ ಪೋರ್ಚುಗಲ್ ಮಾಸ್ಟರ್ಸ್ ಪಂದ್ಯಾವಳಿ ನಡೆದದ್ದು ಈ ಮೈದಾನದಲ್ಲಿ, 2025ರಲ್ಲಿ ಅದು ಮರುವಿನ್ಯಾಸಗೊಂಡು ಎಲ್ಸ್ ಕ್ಲಬ್ ಆಯಿತು. ಪಕ್ಕದ ವಾಲೆ ದೊ ಲೋಬೊದ ರಾಯಲ್ ಮೈದಾನದ ಹದಿನಾರನೆಯ ಹೋಲ್‌ನಲ್ಲಿ ಕೆಂಪು ಕಡಿಬಂಡೆಗಳನ್ನು ದಾಟಿಸಿ ಚೆಂಡು ಹೊಡೆಯಬೇಕು. ಫೋಟೊಗಳಲ್ಲಿ ಅತಿಯಾಗಿ ಕಾಣಿಸಿಕೊಂಡರೂ ಅದರ ಖ್ಯಾತಿ ಸುಳ್ಳಲ್ಲ. ಒಂದು ವಾರದ ರಜೆಗೆ ನಾಲ್ಕು ಸುತ್ತು ಸಾಕು. ದಿನವೂ ಆಡುತ್ತೇನೆಂದು ಹಟ ಹಿಡಿದವರು ಐದನೆಯ ದಿನಕ್ಕೆ ಬಗ್ಗಿಯಿಂದ (ಮೈದಾನದಲ್ಲಿ ಓಡಾಡುವ ಪುಟ್ಟ ಗಾಡಿ) ಇಳಿಯಲೂ ಬೇಸರಿಸುತ್ತಾರೆ.

ಇನ್ನು ಟೀ ಟೈಮ್. ಕೆಲವು ಮೈದಾನಗಳು ಹ್ಯಾಂಡಿಕ್ಯಾಪ್ (ಆಟಗಾರರ ಮಟ್ಟ ತೋರಿಸುವ ಅಂಕ, ಕಡಿಮೆಯಿದ್ದಷ್ಟೂ ಆಟ ಉತ್ತಮ) ಪ್ರಮಾಣಪತ್ರ ಕೇಳುತ್ತವೆ. ಪುರುಷರಿಗೆ 28, ಮಹಿಳೆಯರಿಗೆ 36 ಎಂಬ ಮಿತಿ ಸಾಮಾನ್ಯವಾಗಿ ಕಂಡುಬರುತ್ತದೆ. ಬೆಂಗಳೂರಿನ ಕ್ಲಬ್‌ಗಳ ಸದಸ್ಯರು ಇದನ್ನು ತಮ್ಮ ಕ್ಲಬ್ಬಿನ ಕಚೇರಿಯಿಂದಲೇ ಪಡೆದು ಜೊತೆಗಿಟ್ಟುಕೊಳ್ಳುವುದು ಲೇಸು. ಸಮುದ್ರದ ಗಾಳಿ ಮಧ್ಯಾಹ್ನ ಜೋರಾಗುವುದರಿಂದ ಕಡಲಂಚಿನ ಮೈದಾನಗಳಿಗೆ ಬೆಳಗಿನ ಹೊತ್ತನ್ನೂ, ಒಳನಾಡಿನವಕ್ಕೆ ಮಧ್ಯಾಹ್ನವನ್ನೂ ಆರಿಸಿಕೊಳ್ಳಬಹುದು. ವೀಸಾ ಕೈಸೇರುವವರೆಗೆ, ರದ್ದುಪಡಿಸಿದರೆ ಹಣ ಮರಳಿಸುವ ಷರತ್ತಿನ ಮೇಲೆಯೇ ಟೀ ಟೈಮ್ ಮತ್ತು ಹೋಟೆಲ್ ಕಾಯ್ದಿರಿಸಬೇಕು.

ಬೇಕಾದದ್ದು ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾ. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಕನಿಷ್ಠ 15 ದಿನ ಮೊದಲು ಸಲ್ಲಿಸಿರಬೇಕು. 30,000 ಯೂರೊಗೆ ಕಡಿಮೆಯಿಲ್ಲದ ವೈದ್ಯಕೀಯ ವಿಮೆ ಕಡ್ಡಾಯ. ಸ್ಪೇನನ್ನೂ ಸೇರಿಸಿಕೊಂಡವರು ಹೆಚ್ಚು ದಿನ ಎಲ್ಲಿ ತಂಗುತ್ತಾರೋ ಆ ದೇಶದ ವೀಸಾಕ್ಕೆ ಅರ್ಜಿ ಹಾಕತಕ್ಕದ್ದು. ಫಾರೋಗೆ ಬ್ರಿಟನ್ನಿನಿಂದ ವಿಮಾನಗಳು ಹೇರಳವಾಗಿದ್ದರೂ ಲಂಡನ್ನಿನಲ್ಲಿ ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಹೋಗಬೇಕಾದರೆ ಷೆಂಗೆನ್ ವೀಸಾ ನಡೆಯದು, ಬ್ರಿಟನ್ನಿನದೇ ಬೇರೆ ಬೇಕು. ದುಬೈ ಮಾರ್ಗವಾಗಿ ಲಿಸ್ಬನ್ ತಲುಪಿ, ಅಲ್ಲಿಂದ ಮೂರು ಗಂಟೆಯಷ್ಟು ರೈಲಿನಲ್ಲಿ ಫಾರೋಗೆ ಹೋಗುವುದು ಸರಳ ದಾರಿ.

ಕ್ಲಬ್‌ಗಳನ್ನು, ಅಂದರೆ ಆಟದ ಕೋಲುಗಳನ್ನು, ಒಯ್ಯಬೇಕೆ, ಬಾಡಿಗೆಗೆ ಪಡೆಯಬೇಕೆ? ಎರಡೇ ಸುತ್ತು ಆಡುವವರಿಗೆ ಬಾಡಿಗೆಯೇ ಮೇಲು. ಎಡಗೈ ಆಟಗಾರರು ಮಾತ್ರ ಮುಂಚಿತವಾಗಿ ತಿಳಿಸಿರಬೇಕು. ಕಾರು ಬಾಡಿಗೆಗೆ ಪಡೆಯುವವರು ಆರ್‌ಟಿಒ ನೀಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಒಯ್ಯಬೇಕು, ಅಲ್ಲಿ ರಸ್ತೆಯ ಬಲಬದಿಯಲ್ಲಿ ಗಾಡಿ ಓಡಿಸಬೇಕೆಂಬುದನ್ನು ಮನಸ್ಸಿನಲ್ಲಿಡಬೇಕು. ನಾಲ್ವರ ಗಾಲ್ಫ್ ಚೀಲಗಳು ಸಾಧಾರಣ ಕಾರಿನ ಡಿಕ್ಕಿಯಲ್ಲಿ ಹಿಡಿಸುವುದಿಲ್ಲವಾದ್ದರಿಂದ ದೊಡ್ಡ ಗಾಡಿಯನ್ನೇ ಕೇಳಬೇಕು. ಕರಾವಳಿಗೆ ಸಮಾನಾಂತರವಾಗಿ ಸಾಗುವ ಎ22 ಹೆದ್ದಾರಿಯಲ್ಲಿ 2025ರ ಜನವರಿಯಿಂದ ಟೋಲ್ ಇಲ್ಲ.

ಮೈದಾನದಲ್ಲಿ ನಮ್ಮವರಿಗೆ ಎದ್ದು ಕಾಣುವ ವ್ಯತ್ಯಾಸವೆಂದರೆ ಚೀಲ ಹೊತ್ತು ನೆರವಾಗುವ ಕ್ಯಾಡಿ ಇಲ್ಲದಿರುವುದು. ಕಾಟನ್ ಅವರಿಗೆ ಪೆನೀನಾದಲ್ಲಿ ಚೀಲ ಹೊರಲು ಪಸಿಫಿಕೊ ಎಂಬ ಕತ್ತೆಯಿತ್ತು, ಉಳಿದವರಿಗೆ ಕೈಗಾಡಿ ಅಥವಾ ಬಗ್ಗಿಯೇ ಗತಿ. ದೂರ ಅಳೆಯುವುದು, ಬಂಕರ್ ಎಂಬ ಮರಳುಗುಂಡಿಯನ್ನು ಕುಂಟೆಯಿಂದ ಸಮಮಾಡುವುದು, ಕಿತ್ತುಬಂದ ಹುಲ್ಲನ್ನು ಮರಳಿ ಕೂರಿಸುವುದು, ಗ್ರೀನ್ ಮೇಲೆ ಚೆಂಡು ಬಿದ್ದ ಗುಳಿಯನ್ನು ಸರಿಪಡಿಸುವುದು ಎಲ್ಲವೂ ಆಟಗಾರರದೇ ಹೊಣೆ. ಇವುಗಳಿಗೆಲ್ಲ ಸಮಯ ಹಿಡಿಯುವುದರಿಂದ, ಹಿಂದಿನ ತಂಡ ಕಾಯುತ್ತಿದ್ದರೆ ಅವರನ್ನು ಮುಂದೆ ಬಿಟ್ಟುಕೊಡುವುದೇ ಅಲ್ಲಿನ ರೂಢಿ.