ತೋಟದಲ್ಲಿ ಬಿದ್ದ ಇಯರ್‌ಬಡ್ಡನ್ನು ಮೊಬೈಲ್‌ನಿಂದ ಹುಡುಕುವ ಬಗೆ

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದಲ್ಲಿ ಕಿವಿಯಿಂದ ಜಾರಿದ ಇಯರ್‌ಬಡ್ ತರಗೆಲೆಗಳ ನಡುವೆ ಸೇರಿಕೊಂಡರೆ ಬರಿಗಣ್ಣಿಗೆ ಸಿಗುವುದು ಕಷ್ಟ. ಅದರ ಚಾರ್ಜ್ ಕೆಲವೇ ಗಂಟೆ ಉಳಿಯುವುದರಿಂದ ಹುಡುಕಾಟವನ್ನು ನಾಳೆಗೆ ಮುಂದೂಡಬಾರದು.

ಮೊಬೈಲ್‌ನ ಬ್ಲೂಟೂತ್ ಆನ್ ಇಟ್ಟು, ಆಪಲ್‌ನ ಏರ್‌ಪಾಡ್ಸ್ ಆದರೆ ಐಫೋನ್‌ನ ಫೈಂಡ್ ಮೈ ಆ್ಯಪ್, ಉಳಿದವುಗಳಿಗೆ ಇಯರ್‌ಬಡ್ ಕಂಪನಿಯ ಆ್ಯಪ್ ತೆರೆಯಿರಿ. ನಕ್ಷೆಯಲ್ಲಿ ಕಾಣುವುದು ಸಾಮಾನ್ಯವಾಗಿ ಸಂಪರ್ಕ ಕಡಿದಾಗ ಮೊಬೈಲ್ ಇದ್ದ ಜಾಗವೇ ಹೊರತು ಇಯರ್‌ಬಡ್ ಬಿದ್ದ ಜಾಗವಲ್ಲ. ಸದ್ದು ಮಾಡಿಸುವ ಸೌಲಭ್ಯವಿದ್ದರೆ ಸಂಜೆಯ ಜೀರುಂಡೆಗಳ ಗದ್ದಲಕ್ಕೆ ಮುನ್ನವೇ ಬಳಸುವುದು ಜಾಣತನ.

ನನ್ನ ಮಟ್ಟಿಗೆ ಹೆಚ್ಚು ನಂಬಿಕೆಯ ದಾರಿಯೆಂದರೆ ಬ್ಲೂಟೂತ್ ಸ್ಕ್ಯಾನರ್ ಆ್ಯಪ್. ಅದು ಸಿಗ್ನಲ್‌ನ ಬಲವನ್ನು ಋಣಸಂಖ್ಯೆಯಲ್ಲಿ ತೋರಿಸುತ್ತದೆ. -90 ಇದ್ದದ್ದು -50ರತ್ತ ಏರಿದರೆ ನೀವು ಹತ್ತಿರವಾಗುತ್ತಿದ್ದೀರಿ ಎಂದರ್ಥ. ಒಂದೊಂದು ಹೆಜ್ಜೆಗೂ ನಿಂತು, ಸಂಖ್ಯೆ ಬದಲಾಗಲು ಎರಡು ಮೂರು ಸೆಕೆಂಡು ಕೊಡಿ. ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್ ರೇಡಿಯೋ ಅಲೆಗಳನ್ನು ನೀರು ಹೀರಿಕೊಳ್ಳುವುದರಿಂದ ನಿಮ್ಮ ಮೈಯೂ ಮಳೆಗೆ ನೆನೆದ ಎಲೆರಾಶಿಯೂ ಅಡ್ಡಿಯೇ. ಆದ್ದರಿಂದ ಮೊಬೈಲನ್ನು ಎದೆಯ ಮುಂದೆ ಹಿಡಿದು ನಿಂತಲ್ಲೇ ನಿಧಾನವಾಗಿ ಸುತ್ತಿ, ಸಂಖ್ಯೆ ಏರಿದ ದಿಕ್ಕಿಗೆ ನಡೆದು, ನೆಲದ ಹತ್ತಿರಕ್ಕೆ ಬಗ್ಗಿ ಎಲೆಗಳನ್ನು ಕೈಯಿಂದಲೇ ಸರಿಸಿ. ಇಂಬಳಗಳ ಕಾಲವಾದರೆ ಕಾಲಿಗೆ ಸುಣ್ಣ ಸವರಿಕೊಳ್ಳಲು ಮರೆಯದಿರಿ.