ಎತ್ತರಿಸಿದ ಜೀಪಿಗೆ ಎಷ್ಟು ಆರ್ಮ್ ಬೇಕು?

ಲಿಫ್ಟ್ ಕಿಟ್ ಹಾಕಿಸಿದ ಮೇಲೆ ಗಾಡಿ ಹೆದ್ದಾರಿಯಲ್ಲಿ ಅತ್ತಿತ್ತ ಅಲೆಯುತ್ತದೆ, ತಿರುವು ಮುಗಿದರೂ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ಬಹುಮಟ್ಟಿಗೆ ಇದು ಕ್ಯಾಸ್ಟರ್ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾದ ಲಕ್ಷಣ. ಇಲ್ಲಿ ಹೇಳುತ್ತಿರುವುದು ಮುಂದೆ ನಾಲ್ಕು, ಹಿಂದೆ ನಾಲ್ಕು ಆರ್ಮ್ (ಆಕ್ಸಲನ್ನು ಚಾಸಿಗೆ ಜೋಡಿಸುವ ಸರಳು) ಇರುವ ಜೀಪ್ ರ‍್ಯಾಂಗ್ಲರ್ (ಜೆಕೆ, ಜೆಎಲ್) ಬಗ್ಗೆ. 2020ರ ನಂತರದ ಥಾರ್‌ನ ಮುಂಭಾಗ ಡಬಲ್ ವಿಶ್‌ಬೋನ್, ಜಿಮ್ನಿಯದು ರೇಡಿಯಸ್ ಆರ್ಮ್. ಅವುಗಳ ಲೆಕ್ಕವೇ ಬೇರೆ.

ಗಾಡಿ ಎದ್ದಂತೆ ಆರ್ಮ್‌ಗಳು ಕೆಳಮುಖವಾಗಿ ವಾಲುತ್ತವೆ, ಮುಂದಿನ ಆಕ್ಸಲ್ ಹಿಂದಕ್ಕೆ ಸರಿಯುತ್ತದೆ, ಜೊತೆಗೆ ಕ್ಯಾಸ್ಟರ್ ತಗ್ಗುತ್ತದೆ. 500 ಮಿ.ಮೀ. ಉದ್ದದ ಆರ್ಮ್ ಮೊದಲು ಸಮತಲವಾಗಿದ್ದರೆ 75 ಮಿ.ಮೀ. ಲಿಫ್ಟ್‌ಗೆ ಸುಮಾರು 6 ಮಿ.ಮೀ. ಸರಿಯುತ್ತದೆ, ಮೊದಲೇ 10 ಡಿಗ್ರಿ ಇಳಿದಿದ್ದರೆ ಸುಮಾರು 19 ಮಿ.ಮೀ. ಒಂದೇ ಕಿಟ್ ಎರಡು ಗಾಡಿಗಳಲ್ಲಿ ಬೇರೆ ಬೇರೆ ಫಲ ಕೊಡುವುದಕ್ಕೆ ಇದೂ ಒಂದು ಕಾರಣ. ಹಾಗಾಗಿ ಆರ್ಮ್ ಕೊಳ್ಳುವ ಮುನ್ನ ಕ್ಯಾಸ್ಟರ್ ಎಷ್ಟಿದೆ ಎಂದು ತೋರಿಸುವ ಅಲೈನ್‌ಮೆಂಟ್ ಶೀಟ್ ಕೈಗೆ ಬರಲಿ.

2 ಇಂಚಿನ ಲಿಫ್ಟ್‌ವರೆಗೆ ಸಾಮಾನ್ಯವಾಗಿ ಯಾವ ಆರ್ಮನ್ನೂ ಬದಲಿಸುವುದು ಬೇಡ. 2.5ರಿಂದ 3.5 ಇಂಚಿಗೆ ಮುಂದಿನ ಕೆಳಗಿನ ಎರಡು, ಹಿಂದಿನ ಮೇಲಿನ ಎರಡು ಅಡ್ಜಸ್ಟಬಲ್ (ಉದ್ದ ಹೊಂದಿಸಬಹುದಾದವು) ಆದರೆ ಸಾಕು. ಎಂಟೂ ಬದಲಿಸಬೇಕಾಗುವುದು 4 ಇಂಚು ದಾಟಿದ ಮೇಲೆ. ಅಂಗಡಿಯವರು ಎಂಟರ ಸೆಟ್ಟನ್ನೇ ಮುಂದಿಡುತ್ತಾರೆ, ಅದು ಅವರ ವ್ಯಾಪಾರ.

ಕೆಳಗಿನ ಆರ್ಮ್‌ಗಳೇ ಬಂಡೆಗೆ ಬಡಿಯುವುದು. ಅವಕ್ಕೆ 2 ಇಂಚು ವ್ಯಾಸ, ಕಾಲು ಇಂಚು ದಪ್ಪದ ಗೋಡೆಯ ಪೈಪ್ ಇರಲಿ. ಮೇಲಿನವು ಹಗುರವಾದರೂ ನಡೆದೀತು. ಜಾಯಿಂಟ್ ವಿಷಯದಲ್ಲಿ ದುಡುಕಬೇಡಿ. ಎರಡೂ ತುದಿಗೆ ಹೈಮ್ ಜಾಯಿಂಟ್ (ಲೋಹದ ಗುಂಡು ಕೀಲು) ಹಾಕಿದರೆ ಕೆಸರು, ಮಳೆಗೆ ಬೇಗ ಸವೆದು ಕಟಕಟ ಎನ್ನುತ್ತದೆ. ಬರೀ ಪಾಲಿಯುರೆಥೇನ್ (ರಬ್ಬರಿಗಿಂತ ಗಟ್ಟಿ) ಬುಷ್ ಆದರೆ ಚಕ್ರ ಇಳಿಬಿದ್ದಾಗ ತಿರುಚಲು ಬಿಡದೆ ಬ್ರಾಕೆಟ್ ಮೇಲೆ ಒತ್ತಡ ಹೇರುತ್ತದೆ. ಒಂದು ತುದಿಗೆ ರಬ್ಬರ್ ಬುಷ್, ಇನ್ನೊಂದಕ್ಕೆ ಗ್ರೀಸ್ ಹೊಡೆಯಬಹುದಾದ ಜಾನಿ ಜಾಯಿಂಟ್ ಥರದ ಗುಂಡು ಕೀಲು: ದಿನಬಳಕೆಯ ಗಾಡಿಗೆ ಇದೇ ಹದ.

ಈಗ ಹೊಂದಿಕೆ. ಆಕ್ಸಲ್‌ನಲ್ಲಿ ಮೇಲಿನ, ಕೆಳಗಿನ ಬೋಲ್ಟ್‌ಗಳ ನಡುವೆ 200 ಮಿ.ಮೀ. ಇದೆ ಎಂದುಕೊಳ್ಳಿ. ಕೆಳಗಿನ ಆರ್ಮನ್ನು 3.5 ಮಿ.ಮೀ. ಉದ್ದ ಮಾಡಿದರೆ ಕ್ಯಾಸ್ಟರ್ 1 ಡಿಗ್ರಿ ಏರುತ್ತದೆ. ಇಂಚಿಗೆ 12 ಎಳೆಯ ಥ್ರೆಡ್‌ನಲ್ಲಿ ಒಂದು ಸುತ್ತು ಎಂದರೆ 2.1 ಮಿ.ಮೀ. ಜಾಯಿಂಟ್ ಬಿಚ್ಚಿ ತಿರುಗಿಸುವ ಆರ್ಮ್‌ನಲ್ಲಿ ಬೋಲ್ಟ್ ಕಣ್ಣು ಹೊಂದಲು ಅರ್ಧ ಸುತ್ತಿನ ಲೆಕ್ಕವೇ ಆಗಬೇಕು, ಅಂದರೆ ಸುಮಾರು 0.3 ಡಿಗ್ರಿ. ಎಡ-ಬಲ ಎರಡೂ ಸಮನಾಗಿ ತಿರುಗಲಿ. ಕ್ಯಾಸ್ಟರ್ 4.5ರಿಂದ 6 ಡಿಗ್ರಿಗೆ ನಿಲ್ಲಿಸಿ. ಅದಕ್ಕಿಂತ ಆಸೆಪಟ್ಟರೆ ಮುಂದಿನ ಪಿನಿಯನ್ (ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರುವ ಆಕ್ಸಲ್‌ನ ಮೂತಿ) ತಲೆ ತಗ್ಗಿಸಿ ಪ್ರೊಪೆಲ್ಲರ್ ಶಾಫ್ಟ್ ಜಾಯಿಂಟ್ ಮುರಿಯುವ ಕೋನಕ್ಕೆ ಬರುತ್ತದೆ. ಕ್ಯಾಸ್ಟರ್, ಪಿನಿಯನ್ ಕೋನ ಎರಡರ ನಡುವಿನ ರಾಜಿ ಇದು.

ಹಿಂದೆ ಮೇಲಿನ ಆರ್ಮ್ ಉದ್ದ ಮಾಡಿದರೆ ಪಿನಿಯನ್ ಮೇಲೇಳುತ್ತದೆ. ಡಬಲ್ ಕಾರ್ಡನ್ (ಒಂದು ತುದಿಗೆ ಜೋಡಿ ಜಾಯಿಂಟ್ ಇರುವ) ಶಾಫ್ಟ್ ಇದ್ದರೆ ಪಿನಿಯನ್ ಶಾಫ್ಟ್‌ನ ನೇರಕ್ಕಿಂತ 1–2 ಡಿಗ್ರಿ ಕೆಳಗಿರಲಿ. ಎಕ್ಸಲರೇಟರ್ ಒತ್ತಿದಾಗ ಅದು ತಾನೇ ಏರಿ ನೇರವಾಗುತ್ತದೆ.

ಆಕ್ಸಲ್ ಒಂದು ಬದಿಗೆ ಸರಿದಿದ್ದರೆ ಆರ್ಮ್ ತಿರುಗಿಸಿ ಫಲವಿಲ್ಲ. ಅದು ಟ್ರ್ಯಾಕ್ ಬಾರ್ (ಆಕ್ಸಲ್ ಅಡ್ಡಕ್ಕೆ ಸರಿಯದಂತೆ ಹಿಡಿಯುವ ಸರಳು) ಕೆಲಸ. ಸ್ಟೀರಿಂಗ್ ಗಡಗಡ ನಡುಗುತ್ತಿದ್ದರೂ ಮೊದಲು ಟ್ರ್ಯಾಕ್ ಬಾರ್ ಬೋಲ್ಟ್, ಬುಷ್ ನೋಡಿ.

ಜಾಯಿಂಟ್‌ನ ಥ್ರೆಡ್ ಕನಿಷ್ಠ ತನ್ನ ವ್ಯಾಸದಷ್ಟು ಒಳಗಿರಬೇಕು. 1¼ ಇಂಚಿನದಾದರೆ 32 ಮಿ.ಮೀ. ರಬ್ಬರ್ ಬುಷ್‌ನ ಬೋಲ್ಟ್‌ಗಳನ್ನು ಜಾಕ್ ಮೇಲೆ ಬಿಗಿಯಬೇಡಿ: ಗಾಡಿ ಚಕ್ರದ ಮೇಲೆ ಕೂತ ಮೇಲೆಯೇ ಮ್ಯಾನ್ಯುಯಲ್ ಹೇಳಿದ ಟಾರ್ಕ್‌ಗೆ ಬಿಗಿಯಿರಿ. ಇಲ್ಲದಿದ್ದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಕೊನೆಗೆ ಲಾಕ್ ನಟ್ ಬಿಗಿದು, ನಟ್‌ನಿಂದ ಪೈಪ್‌ಗೆ ಬಿಳಿ ಪೇಂಟ್‌ನ ಗೆರೆ ಎಳೆಯಿರಿ. 100 ಕಿ.ಮೀ. ಓಡಿಸಿ ಗೆರೆ ತುಂಡಾಗಿದೆಯೇ ನೋಡಿ, 500ಕ್ಕೆ ಮತ್ತೊಮ್ಮೆ.