ಅಕ್ಕನ ಕೈಗೆ ಕೊಟ್ಟ ವಟಮುಖತ್ಯಾರ

ಅಪ್ಪ ಮನೆಯ ತೆರಿಗೆಯನ್ನು ಒಂದು ವರ್ಷವೂ ಬಾಕಿ ಇಟ್ಟವರಲ್ಲ. ಪಾವತಿಗಳನ್ನೆಲ್ಲ ದಾರಕ್ಕೆ ಪೋಣಿಸಿ ಜಗಲಿ ಕೋಣೆಯ ಟ್ರಂಕಿನಲ್ಲಿ ಇಟ್ಟಿದ್ದರು. 2022ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡಾಗ ನಾನು ಇಂಗ್ಲೆಂಡಿನ ಕೋವೆಂಟ್ರಿಯಿಂದ ವಿಜಯಪುರಕ್ಕೆ ಬಂದು ಮೂರು ವಾರ ಇದ್ದೆ. ಪಾವತಿಗಳ ಮೇಲೆ ಅಪ್ಪನ ಹೆಸರಿತ್ತು. ಮನೆಯ ಕಾಗದ ಸರಿಯಾಗಿವೆ ಎಂದುಕೊಂಡು ಮರಳಿ ಹೋದೆ. ಆರು ತಿಂಗಳ ಮೇಲೆ ಅಕ್ಕ ಸಿಟಿ ಸರ್ವೇ ಕಚೇರಿಯಿಂದ, ಮನೆ ಯಾರ ಹೆಸರಿನಲ್ಲಿದೆ ಎಂದು ತೋರಿಸುವ ಪ್ರಾಪರ್ಟಿ ಕಾರ್ಡಿನ ನಕಲು ತೆಗೆಸಿ ಅದರ ಫೋಟೊ ಕಳಿಸಿದಳು. ಅದರಲ್ಲಿ ಇದ್ದದ್ದು ನಮ್ಮಜ್ಜನ ಹೆಸರು. ಅಜ್ಜ ತೀರಿಕೊಂಡದ್ದು 1984ರಲ್ಲಿ.

ಹಿಂದೆ ಮುಂಬೈ ಪ್ರಾಂತದಲ್ಲಿದ್ದ ನಮ್ಮ ಕಡೆಯ ಪಟ್ಟಣಗಳ ಹಳೆಯ ಮನೆಗಳಿಗೆ ಎರಡು ದಫ್ತರ. ಒಂದು ಪಾಲಿಕೆಯ ತೆರಿಗೆ ದಾಖಲೆ, ಇನ್ನೊಂದು ಸಿಟಿ ಸರ್ವೇ (ಸಿಟಿಎಸ್) ನಂಬರಿನ ಪ್ರಾಪರ್ಟಿ ಕಾರ್ಡು. ಒಂದರಲ್ಲಿ ಹೆಸರು ಬದಲಾದರೆ ಇನ್ನೊಂದರಲ್ಲಿ ತಾನಾಗಿ ಬದಲಾಗುವುದಿಲ್ಲ, ಅರ್ಜಿ ಬೇರೆಯೇ ಕೊಡಬೇಕು. ಅಪ್ಪ ಪಾಲಿಕೆಯಲ್ಲಿ ಹೆಸರು ಏರಿಸಿಕೊಂಡು, ಕೆಲಸ ಮುಗಿಯಿತೆಂದು ತಿಳಿದಿದ್ದರು. ತೆರಿಗೆ ಪಾವತಿಯೇ ಮಾಲಕಿಯ ಪುರಾವೆ ಎಂದು ನಂಬಿದ ಮನೆಗಳು ನಮ್ಮ ಓಣಿಯಲ್ಲೇ ಎಷ್ಟೋ ಇವೆ. ಪರದೇಶಕ್ಕೆ ಹೊರಟವರು ಬ್ಯಾಗು ತುಂಬುವ ಮುಂಚೆ ಈ ಎರಡೂ ದಾಖಲೆಗಳನ್ನು ತೆಗೆಸಿ ಒಂದರ ಪಕ್ಕ ಒಂದಿಟ್ಟು ನೋಡಬೇಕು. ಅಪ್ಪ-ಅವ್ವ ಗಟ್ಟಿಯಾಗಿದ್ದಾಗ ಒಂದು ಸಹಿಗೆ ಮುಗಿಯುವ ಕೆಲಸಕ್ಕೆ ಅವರ ನಂತರ ಎರಡು ತಲೆಮಾರಿನ ಕಾಗದ ಹೊಂದಿಸಬೇಕಾಗುತ್ತದೆ.

ಅಜ್ಜನ ಹೆಸರಿನಿಂದ ನೇರವಾಗಿ ನಮ್ಮ ಹೆಸರಿಗೆ ತರಬೇಕೆಂದರೆ, ಮನೆ ಅಪ್ಪನ ಪಾಲಿಗೆ ಹೇಗೆ ಬಂತು ಎಂದು ತೋರಿಸಬೇಕಿತ್ತು. ಅಪ್ಪನಿಗೂ ಕಾಕಾನಿಗೂ ವಾಟ್ನಿ, ಅಂದರೆ ಆಸ್ತಿಯ ಪಾಲು, ಆಗಿದೆಯೆಂಬುದು ಎಲ್ಲರಿಗೂ ಗೊತ್ತು, ಪತ್ರ ಮಾತ್ರ ಯಾರ ಬಳಿಯೂ ಇಲ್ಲ. ಋಣಭಾರ ಪ್ರಮಾಣಪತ್ರ, ಅಂದರೆ ಎಲ್ಲರೂ ಇಸಿ ಎನ್ನುವ, ಆಸ್ತಿಯ ನೋಂದಾಯಿತ ವ್ಯವಹಾರಗಳ ಪಟ್ಟಿ, ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ 2004ರ ಏಪ್ರಿಲ್‌ನಿಂದ ಈಚೆಗಿನದು ಸಿಗುತ್ತದೆ. ಅದಕ್ಕಿಂತ ಹಿಂದಿನದನ್ನು ಉಪನೋಂದಣಿ ಕಚೇರಿಯ ಹಳೆಯ ಪುಸ್ತಕಗಳಲ್ಲೇ ಹುಡುಕಿಸಬೇಕು. ವರ್ಷ ಗೊತ್ತಿದ್ದರೆ ಹುಡುಕಾಟ ಸುಲಭ. ನಾನು ಕಾಕಾನಿಗೆ ಫೋನು ಮಾಡಿದೆ. "ಯವ್ವಾ, ಇಸವಿ ನನಗ ನೆಪ್ಪಿಲ್ಲ. ನಿಮ್ಮಕ್ಕ ಹುಟ್ಟಿದ ಮರುವರ್ಷದ ಸುಗ್ಗ್ಯಾಗ ಆತು, ನಿಮ್ಮಜ್ಜೀನೂ ಹೆಬ್ಬಟ್ಟ ಒತ್ಯಾಳ" ಅಂದರು. ಅಕ್ಕ ಹುಟ್ಟಿದ್ದು 1985ರಲ್ಲಿ. 1986ರ ಪುಸ್ತಕದಲ್ಲಿ ನೋಂದಾಯಿತ ವಾಟ್ನಿ ಪತ್ರ ಸಿಕ್ಕಿತು, ದೃಢೀಕೃತ ನಕಲು ಕೈಗೆ ಬಂತು. ಕಾಕಾನಿಗೆ ಈಗ ಎಂಬತ್ತು ದಾಟಿದೆ. ಅವರಿದ್ದಾಗಲೇ ಆ ಪ್ರಶ್ನೆ ಕೇಳಿದ್ದು ನಮ್ಮ ಪುಣ್ಯ.

ಹೊಲದ ಕಥೆ ಬೇರೆ. ಇಂಡಿ ತಾಲೂಕಿನ ನಮ್ಮ ಹಳ್ಳಿಯಲ್ಲಿ ಏಳು ಎಕರೆ ಚಿಲ್ಲರೆ ಎರೆಭೂಮಿ. ಉತಾರ (ಪಹಣಿ) ಅಪ್ಪನ ಹೆಸರಿನಲ್ಲೇ ಇತ್ತು, ಆದ್ದರಿಂದ ಬೇಕಾದದ್ದು ವಾರಸಾ ಮಾತ್ರ, ಬೆಂಗಳೂರಿನ ಕಡೆ ಪೌತಿ ಖಾತೆ ಎನ್ನುತ್ತಾರಲ್ಲ, ಅದು. ಮರಣ ಪ್ರಮಾಣಪತ್ರ, ವಂಶಾವಳಿ, ವಾರಸುದಾರರ ಆಧಾರ್ ಪ್ರತಿ, ಅರ್ಜಿ. ಮರಣವನ್ನು 21 ದಿನದೊಳಗೆ ನೋಂದಾಯಿಸಿದರೆ ತೊಡಕಿಲ್ಲ. ದುಃಖದ ಮನೆಯಲ್ಲಿ ಅದನ್ನು ನೆನಪಿಟ್ಟು ಮಾಡಿದವಳೂ ಅಕ್ಕನೇ.

ತೊಡಕು ಬಂದದ್ದು ವಂಶಾವಳಿಯಲ್ಲಿ. ಬರೆಸಲು ಹೋದಾಗ ಊರಿನ ಹಿರಿಯರೊಬ್ಬರು, "ಹೆಣ್ಮಕ್ಕಳದು ಯಾಕ? ಒಬ್ಬಾಕಿ ಜಮಖಂಡ್ಯಾಗ, ಇನ್ನೊಬ್ಬಾಕಿ ಇಂಗ್ಲೆಂಡಿನ್ಯಾಗ. ಅವ್ವಂದು, ಮಗಂದು ಹಾಕಿ ಮುಗಸ್ರಿ" ಅಂದರಂತೆ. ಪುಣೆಯಲ್ಲಿರುವ ಅಣ್ಣನೇ ಅದನ್ನು ಒಪ್ಪಲಿಲ್ಲ. ಈ ವಿಷಯದಲ್ಲಿ ನನಗೆ ಎರಡು ಮಾತಿಲ್ಲ. 2005ರ ತಿದ್ದುಪಡಿಯ ನಂತರ ಹಿಂದೂ ವಾರಸಾ ಕಾಯ್ದೆಯಲ್ಲಿ ಪಿತ್ರಾರ್ಜಿತ ಆಸ್ತಿಗೆ ಮಗಳೂ ಮಗನಷ್ಟೇ ಹಕ್ಕುದಾರಳು, 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನಷ್ಟು ಬಿಡಿಸಿ ಹೇಳಿದೆ. ಹಕ್ಕು ಬಿಡುವುದಿದ್ದರೆ ತಿಳಿದು, ಮನಸ್ಸಿನಿಂದ, ಹಕ್ಕುಬಿಡುಗಡೆ ಪತ್ರ ನೋಂದಾಯಿಸಿ ಬಿಡಬೇಕು. ವಂಶಾವಳಿಯಲ್ಲಿ ಮಗಳನ್ನು ಬರೆಯದೆ ಬಿಡುವುದು ಸುಳ್ಳು ಬರೆಸಿದ ಹಾಗೆ. ಮುಂದೆ ಆ ಹೊಲ ಕೊಳ್ಳುವವರ ವಕೀಲರು ಮೊದಲು ಹಿಡಿಯುವುದೂ ಅದನ್ನೇ. ಅವ್ವ, ಅಣ್ಣ, ಅಕ್ಕ, ನಾನು, ನಾಲ್ವರ ಹೆಸರೂ ಉತಾರದಲ್ಲಿ ಮಾಲಕರ ಹೆಸರಿರುವ ಒಂಬತ್ತನೆಯ ಕಾಲಂಗೆ ಬಂದವು.

ಪರದೇಶದಲ್ಲಿ ಇರುವವರಿಗೆ ಹೊಲ ಬರಬಹುದೇ ಎಂದು ನನ್ನನ್ನು ಅನೇಕರು ಕೇಳಿದ್ದಾರೆ. ವಾರಸಾದಿಂದ ಬರಬಹುದು, ಪೌರತ್ವ ಬದಲಿಸಿ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡು ಹೊಂದಿದವರಿಗೂ ಬರಬಹುದು. ಆದರೆ ನಾವು ಕೃಷಿ ಭೂಮಿಯನ್ನು ಕೊಳ್ಳುವಂತಿಲ್ಲ, ದಾನಪತ್ರದ ಮೂಲಕ ಪಡೆಯುವಂತೆಯೂ ಇಲ್ಲ. ಅಪ್ಪನಿಗೆ ಹುಷಾರಿಲ್ಲದಾಗ ಯಾರೋ "ಜೀವಂತ ಇದ್ದಾಗಲೇ ಮಗಳ ಹೆಸರಿಗೆ ದಾನಪತ್ರ ಮಾಡಿಬಿಡ್ರಿ" ಎಂದು ಸಲಹೆ ಕೊಟ್ಟಿದ್ದರು. ಹಾಗೆ ಮಾಡಿದ್ದರೆ ವಿದೇಶಿ ವಿನಿಮಯ ಕಾಯ್ದೆಯ ತಪ್ಪಿಗೆ ಸಿಕ್ಕಿಬೀಳುತ್ತಿದ್ದೆ.

ಅವ್ವ ಒಬ್ಬಳೇ ಅಷ್ಟು ದೊಡ್ಡ ಮನೆಯಲ್ಲಿ ಇರಲಾರಳೆಂದು 2023ರಲ್ಲಿ ಜಮಖಂಡಿಗೆ, ಅಕ್ಕನ ಮನೆಗೆ ಹೋದಳು. ವಿಜಯಪುರದ ಮನೆ ಮಾರುವುದೆಂದು ನಾಲ್ವರೂ ಕೂಡಿ ನಿರ್ಧರಿಸಿದೆವು. ಪ್ರತಿ ಸಹಿಗೂ ನಾನು ಬರಲಾರೆ, ಆಸ್ಪತ್ರೆಯ ಪಾಳಿ ಬಿಟ್ಟು ಬರಲು ರಜೆ ಸಿಗುವುದಿಲ್ಲ. ಹಾಗಾಗಿ ವಟಮುಖತ್ಯಾರ ಪತ್ರ, ಅಂದರೆ ನನ್ನ ಪರವಾಗಿ ಸಹಿ ಮಾಡುವ ಅಧಿಕಾರವನ್ನು ಇನ್ನೊಬ್ಬರಿಗೆ ಕೊಡುವ ಪವರ್ ಆಫ್ ಅಟಾರ್ನಿ, ಬರೆಯಬೇಕಾಯಿತು. ಕಾಕಾನ ಮಗ ವಿಜಯಪುರದಲ್ಲೇ ಇದ್ದಾನೆ, ನಂಬಿಕಸ್ಥ, ಅವನ ಹೆಸರಿಗೆ ಕೊಡೋಣವೆಂದು ಮೊದಲು ಅಂದುಕೊಂಡೆ. ವಕೀಲರು ತಡೆದರು. ಕರ್ನಾಟಕದಲ್ಲಿ ಆಸ್ತಿ ಮಾರುವ ಅಧಿಕಾರವನ್ನು ತಂದೆ, ತಾಯಿ, ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರು, ಇವರನ್ನು ಬಿಟ್ಟು ಬೇರೆಯವರಿಗೆ ಕೊಟ್ಟರೆ ಖರೀದಿ ಪತ್ರದಂತೆಯೇ ಮಾರುಕಟ್ಟೆ ಬೆಲೆಯ ಮೇಲೆ ಮುದ್ರಾಂಕ ಶುಲ್ಕ ಬೀಳುತ್ತದೆ. ಕಾಕಾನ ಮಗ ನಮಗೆ ಅಣ್ಣನೇ, ಆ ಕಾಯ್ದೆಗೆ ಅಲ್ಲ. ಅಣ್ಣನಿಗೂ ಪುಣೆಯಿಂದ ಓಡಾಡುವುದು ಕಷ್ಟ. ಉಳಿದವಳು ಅಕ್ಕ.

ಅಕ್ಕ ಅಲ್ಲಿಯವರೆಗೆ ಬ್ಯಾಂಕಿಗೂ ಭಾವನ ಜೊತೆಗೇ ಹೋಗುತ್ತಿದ್ದವಳು. "ನನ್ನ ಕೈಲೆ ಆಗತ್ತೇನ ತಂಗಿ?" ಎಂದು ಕೇಳಿದಳು. ಆಗುತ್ತದೆ ಅಂದೆ. ಆಮೇಲೆ ಅವಳು ಮಾಡಿದ ಕೆಲಸವನ್ನು ನಾನು ಊರಿನಲ್ಲಿದ್ದರೂ ಅಷ್ಟು ಅಚ್ಚುಕಟ್ಟಾಗಿ ಮಾಡುತ್ತಿದ್ದೆನೋ ಇಲ್ಲವೋ. ಯಾವ ಕಚೇರಿಗೆ ಹೋದರೂ ಅರ್ಜಿಯ ಸ್ವೀಕೃತಿ ಇಸಿದುಕೊಂಡು, ಅದರ ಹಿಂದೆ ತಾರೀಖು ಬರೆದು, ನನಗೊಂದು ಫೋಟೊ ಕಳಿಸಿಯೇ ಮನೆಗೆ ಹೋಗುತ್ತಿದ್ದಳು. ವಿಜಯಪುರದಲ್ಲಿ ಕಚೇರಿ ತೆರೆದು ಹತ್ತೂವರೆ ಆದಾಗ ಚಳಿಗಾಲದಲ್ಲಿ ನಮಗೆ ನಸುಕಿನ ಐದು. ರಾತ್ರಿ ಪಾಳಿಯಲ್ಲಿ ಇದ್ದಾಗ ಅವಳ ಫೋಟೊ ಬಂದರೆ ನನಗೆ ಬಲ ಬಂದಂತಾಗುತ್ತಿತ್ತು.

ಮೊದಲ ವಟಮುಖತ್ಯಾರ ಪತ್ರ ಕೆಲಸಕ್ಕೆ ಬರಲಿಲ್ಲ. ಕಾರಣ ನನ್ನ ಹೆಸರು. ವಂಶಾವಳಿಯಲ್ಲಿ ನನ್ನ ತವರಿನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು, ಗಂಡನ ಮನೆಯ ಅಡ್ಡಹೆಸರು. ನಾನು ಪಾಸ್‌ಪೋರ್ಟಿನ ಹೆಸರಿನಲ್ಲಷ್ಟೇ ಪತ್ರ ಬರೆಸಿದ್ದೆ. ದಾಖಲೆಯಲ್ಲಿರುವ ಮಗಳೂ ಸಹಿ ಮಾಡಿದ ಹೆಂಗಸೂ ಒಬ್ಬಳೇ ಎಂಬುದಕ್ಕೆ ಆಧಾರ ಏನು ಎಂದು ಕಚೇರಿಯಲ್ಲಿ ಕೇಳಿದರು. ಕೇಳಿದ್ದು ಸರಿಯೇ. ನಮ್ಮ ಕಡೆ ಇದು ಮನೆಮನೆಯ ತೊಂದರೆ. ಅಪ್ಪನದೇ ನೋಡಿ, ಹಳೆಯ ಉತಾರದಲ್ಲಿ ಬಸಪ್ಪ, ಶಾಲೆಯ ದಾಖಲೆಯಲ್ಲಿ ಬಸವರಾಜ. ಮದುವೆಯಲ್ಲಿ ಹೆಸರನ್ನೇ ಬದಲಿಸಿದ ಅತ್ತಿಗೆಯರಂತೂ ಎಷ್ಟೋ ಮಂದಿ.

ಎರಡನೆಯ ಸಲ ಎರಡೂ ಹೆಸರನ್ನು 'ಉರ್ಫ್' ಸೇರಿಸಿ ಬರೆಸಿದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಮದುವೆ ನೋಂದಣಿ ಪತ್ರ, ಎರಡೂ ಹೆಸರು ನನ್ನವೇ ಎನ್ನುವ ಅಫಿಡವಿಟ್ ಜೊತೆಗಿಟ್ಟೆ. ಮನೆಯ ವಿವರವನ್ನು ಸಿಟಿಎಸ್ ನಂಬರು, ವಾರ್ಡು, ಕ್ಷೇತ್ರಫಲ, ನಾಲ್ಕೂ ದಿಕ್ಕಿನ ಚಕ್ಕುಬಂದಿ ಸಹಿತ ಬರೆಸಿದೆ. ಊರಿನ ಹೆಸರನ್ನು 'ವಿಜಯಪುರ (ಹಿಂದಿನ ಬಿಜಾಪುರ) ಜಿಲ್ಲೆ' ಎಂದೇ ಬರೆಸಬೇಕು. 2014ರ ನವೆಂಬರಿನಲ್ಲಿ ಹೆಸರು ಬದಲಾಯಿತು, ನಮ್ಮ ಹಳೆಯ ಪತ್ರಗಳಲ್ಲೆಲ್ಲ ಬಿಜಾಪುರವೇ ಇದೆ. ದೇವನಹಳ್ಳಿ ತಾಲೂಕಿನಲ್ಲೂ ಒಂದು ವಿಜಯಪುರ ಇದೆ.

ಅಧಿಕಾರ ಎಷ್ಟು ಕೊಡಬೇಕು ಎಂಬುದು ಇನ್ನೊಂದು ಮಾತು. ಅಕ್ಕನ ಮೇಲೆ ನನಗೆ ಪೂರ್ತಿ ನಂಬಿಕೆ. ಆದರೂ 'ನನ್ನ ಎಲ್ಲ ಸ್ಥಿರ ಚರ ಆಸ್ತಿ' ಎಂದು ಬರೆಯಲಿಲ್ಲ. ಈ ಒಂದು ಮನೆ, ಅದರಲ್ಲಿ ನನ್ನ ಪಾಲು, ಹೆಸರು ಬದಲಾವಣೆಯ ಅರ್ಜಿ, ಖರೀದಿ ಪತ್ರಕ್ಕೆ ಸಹಿ ಮತ್ತು ನೋಂದಣಿಗೆ ಹಾಜರಿ, ಅಷ್ಟೇ. ಹಣ ಪಡೆಯುವ ಅಧಿಕಾರ ಸೇರಿಸಲಿಲ್ಲ, ನನ್ನ ಪಾಲು ನೇರವಾಗಿ, ಅನಿವಾಸಿಗಳು ಭಾರತದ ಆದಾಯಕ್ಕೆಂದು ಇಡುವ ನನ್ನ ಎನ್‌ಆರ್‌ಒ ಖಾತೆಗೆ ಬರಬೇಕೆಂದು ಬರೆಸಿದೆ. ಅಕ್ಕ ಇದನ್ನು ಓದಿ, "ಛಲೋ ಮಾಡಿದಿ, ನಾಳೆ ಯಾರೂ ನನ್ನ ಕಡೆ ಬೆರಳ ತೋರ್ಸಂಗಿಲ್ಲ" ಅಂದಳು. ಅಧಿಕಾರದ ಮಿತಿ ಪಡೆದವರನ್ನೂ ಕಾಯುತ್ತದೆ ಎಂದು ನನಗೆ ಅವಳಿಂದಲೇ ತಿಳಿದದ್ದು.

ಸಹಿ ಮಾಡಲು ಎರಡು ದಾರಿ ಇದ್ದವು. ಭಾರತದ ಹೈಕಮಿಷನ್ ಕಚೇರಿಯ ಮುಂದೆ ಸಹಿ ಮಾಡಿ ದೃಢೀಕರಿಸಿಕೊಳ್ಳುವುದು ಒಂದು, ಅಲ್ಲಿಯ ನೋಟರಿಯ ಮುಂದೆ ಸಹಿ ಮಾಡಿ ಅಪೋಸ್ಟಿಲ್, ಅಂದರೆ ಆ ನೋಟರಿಯ ಸಹಿ-ಮುದ್ರೆ ನಿಜವೆಂದು ಅಲ್ಲಿಯ ಸರ್ಕಾರ ಕೊಡುವ ದೃಢೀಕರಣ, ಹಾಕಿಸುವುದು ಇನ್ನೊಂದು. ಭಾರತ 2005ರಲ್ಲಿ ಅಪೋಸ್ಟಿಲ್ ಒಪ್ಪಂದಕ್ಕೆ ಸೇರಿದೆ. ನನ್ನ ಪಾಳಿಗೆ ಎರಡನೆಯದು ಹೊಂದಿತು. ಅದಕ್ಕೂ ಮುಂಚೆ ವಕೀಲರು ನೋಂದಣಿ ಕಚೇರಿಯಲ್ಲಿ ಅದು ನಡೆಯುತ್ತದೆಯೇ ಎಂದು ಕೇಳಿಕೊಂಡು ಬಂದರು. ಇಂಗ್ಲೆಂಡಿನಲ್ಲಿ ನೋಟರಿ ಎಂದರೆ ಕೋರ್ಟಿನ ಎದುರು ಮೇಜು ಹಾಕಿ ಕೂತವರಲ್ಲ. ಮುಂಚೆಯೇ ಸಮಯ ಗೊತ್ತುಮಾಡಿಕೊಂಡು ಹೋಗಬೇಕು, ಪಾಸ್‌ಪೋರ್ಟು ಮತ್ತು ವಿಳಾಸದ ಪುರಾವೆ ನೋಡುತ್ತಾರೆ, ಪತ್ರವನ್ನು ಓದಿ ಅರ್ಥ ಮಾಡಿಕೊಳ್ಳುತ್ತಾರೆ. ಕನ್ನಡದ ಪತ್ರವನ್ನಷ್ಟೇ ಒಯ್ದರೆ ನಡೆಯದು, ಹಾಗಾಗಿ ಕನ್ನಡ-ಇಂಗ್ಲಿಷ್ ಎರಡರಲ್ಲೂ ಬರೆಸಿದ್ದೆ. ಪ್ರತಿ ಪುಟಕ್ಕೂ ಸಹಿ, ಫೋಟೊ, ಎಡಗೈ ಹೆಬ್ಬೆಟ್ಟು. ನೋಟರಿ ಮುದ್ರೆ ಒತ್ತಿದ ಮೇಲೆ ಪತ್ರ ಮಿಲ್ಟನ್ ಕೀನ್ಸ್‌ನಲ್ಲಿರುವ ಬ್ರಿಟನ್ ವಿದೇಶಾಂಗ ಇಲಾಖೆಯ ಕಚೇರಿಗೆ ಹೋಗಿ ಅಪೋಸ್ಟಿಲ್ ಅಂಟಿಸಿಕೊಂಡು ಬಂತು. ಕೊರಿಯರ್ ಮಾಡುವ ಮುಂಚೆ ಪ್ರತಿ ಪುಟವನ್ನೂ ಸ್ಕ್ಯಾನ್ ಮಾಡಿ ಇಟ್ಟುಕೊಂಡೆ.

ಬಹಳ ಮಂದಿ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಹೊರದೇಶದಲ್ಲಿ ಬರೆದ ಪತ್ರ ಇಲ್ಲಿಗೆ ಬಂದು ಮುಟ್ಟಿದ ದಿನದಿಂದ 3 ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಬೇಕು. ಲಕೋಟೆಯನ್ನು ಭದ್ರವಾಗಿರಲೆಂದು ತಿಜೋರಿಯಲ್ಲಿಟ್ಟು, ಗಿರಾಕಿ ಬಂದ ದಿನ ತೆಗೆದರೆ ಅವಧಿ ಮುಗಿದಿರುತ್ತದೆ, ದಂಡದ ಮಾತು ಬರುತ್ತದೆ. ಅಕ್ಕ ಪತ್ರ ಬಂದ ವಾರದಲ್ಲೇ ಜಿಲ್ಲಾ ನೋಂದಣಾಧಿಕಾರಿ ಕಚೇರಿಗೆ ಒಯ್ದು ಶುಲ್ಕ ಕಟ್ಟಿದಳು. ಬಂದ ತಾರೀಖಿನ ಪುರಾವೆಗೆಂದು ಕೊರಿಯರ್ ಲಕೋಟೆಯನ್ನೂ ಕಡತದಲ್ಲೇ ಇಟ್ಟಳು.

ಆಮೇಲೆ ಪ್ರಾಪರ್ಟಿ ಕಾರ್ಡಿಗೆ ನಮ್ಮ ಹೆಸರು, ಪಾಲಿಕೆಯಲ್ಲಿ ಹೆಸರು, ಇ-ಖಾತೆ. ಈಗ ಇ-ಖಾತೆ ಇಲ್ಲದೆ ನಗರದ ಆಸ್ತಿ ನೋಂದಣಿ ಆಗುವುದಿಲ್ಲ. ಇವೆಲ್ಲಕ್ಕೂ ಒಟಿಪಿ ಬೇಕು. ನಾನು ಹಳೆಯ ಭಾರತದ ಸಿಮ್ಮನ್ನು ರೀಚಾರ್ಜ್ ಮಾಡಿಸುತ್ತ ರೋಮಿಂಗ್‌ನಲ್ಲಿ ಜೀವಂತ ಇಟ್ಟಿದ್ದೆ, ಆಧಾರ್‌ಗೆ ಅದೇ ನಂಬರು ಜೋಡಣೆಯಾಗಿತ್ತು. ಉತಾರಕ್ಕೆ ಆಧಾರ್ ಜೋಡಿಸುವಾಗಲೂ ಅದೇ ನೆರವಾಯಿತು. ಆ ಸಿಮ್ಮನ್ನು ದಯವಿಟ್ಟು ಸಾಯಗೊಡಬೇಡಿ.

ಮನೆ 2025ರಲ್ಲಿ ಮಾರಿದೆವು. ಮಾರುವವರಲ್ಲಿ ಒಬ್ಬರು ಅನಿವಾಸಿಯಾಗಿದ್ದರೆ ಕೊಳ್ಳುವವರು ಅವರ ಪಾಲಿನ ಹಣದಲ್ಲಿ ಅನಿವಾಸಿಗಳ ದರದಲ್ಲಿ ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ತೆರಿಗೆ) ಕಡಿಯಬೇಕು, ನಾವು ಮಾರಿದಾಗ ಅದಕ್ಕೆ ಅವರು ಟ್ಯಾನ್ ಎಂಬ, ತೆರಿಗೆ ಕಡಿದು ಕಟ್ಟುವವರ ನಂಬರು ಪಡೆಯಬೇಕಿತ್ತು. ಇದನ್ನು ಮುಂಗಡ ಇಸಿದುಕೊಳ್ಳುವ ಮುಂಚೆಯೇ ಗಿರಾಕಿಗೆ ಬಾಯಿಬಿಟ್ಟು ಹೇಳಿ. ತೆರಿಗೆ ಇರುವುದು ಲಾಭದ ಮೇಲೆ, ದೀರ್ಘಾವಧಿ ಲಾಭಕ್ಕೆ ಶೇ. 12.5 ಮತ್ತು ಅದರ ಮೇಲಿನ ಸೆಸ್ಸು, ಸರ್ಚಾರ್ಜು. ಆದರೆ ಕಡಿತ ಆಗುವುದು ನಿಮ್ಮ ಪಾಲಿನ ಪೂರ್ತಿ ಹಣದ ಮೇಲೆ. ಕಡಿಮೆ ಕಡಿತಕ್ಕೆ ಆದಾಯ ತೆರಿಗೆ ಇಲಾಖೆಯಿಂದ ಪ್ರಮಾಣಪತ್ರ ತರಬಹುದು. ನಾನೂ ಅದನ್ನು ಪಡೆದುಕೊಂಡೆ. ಅಜ್ಜನ ಕಾಲದ ಮನೆಯಾದ್ದರಿಂದ ಲಾಭದ ಲೆಕ್ಕಕ್ಕೆ 2001ರ ಏಪ್ರಿಲ್ 1ರ ಬೆಲೆಯನ್ನು ಮೌಲ್ಯಮಾಪಕರಿಂದ ಬರೆಸಿಕೊಳ್ಳಬೇಕಾಯಿತು. ಎನ್‌ಆರ್‌ಒ ಖಾತೆಯಿಂದ ಆರ್ಥಿಕ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಹೊರಗೆ ಒಯ್ಯಬಹುದು, ನಮ್ಮದು ಅದರ ಹತ್ತಿರವೂ ಸುಳಿಯುವ ಮೊತ್ತವಲ್ಲ. ಬ್ರಿಟನ್ನಿನ ತೆರಿಗೆ ಲೆಕ್ಕದಲ್ಲೂ ಅದನ್ನು ತೋರಿಸಿದೆ.

ಹೊಲ ಮಾರುವುದಿಲ್ಲ. ಅಪ್ಪ ಸಹಕಾರಿ ಸಂಘದಲ್ಲಿ ತೆಗೆದ ಬೆಳೆಸಾಲ ತೀರಿ ವರ್ಷಗಳಾದರೂ ಉತಾರದ ಹನ್ನೊಂದನೆಯ ಕಾಲಂನಲ್ಲಿ ಬೋಜಾ (ಸಾಲದ ಹೊರೆ) ಹಾಗೇ ಉಳಿದಿತ್ತು. ಅಕ್ಕ ಸಂಘದಿಂದ ಬೇಬಾಕಿ ಪತ್ರ ತಂದು ಕಳೆದ ಸುಗ್ಗಿಯಲ್ಲಿ ಅದನ್ನು ತೆಗೆಸಿದಳು. ಈಗ ಬಾಕಿ ಇರುವುದು ಬಡಗಣ ಬದುವಿನದು. ಅದು ನಮ್ಮ ಕಡೆ ಸರಿದಂತೆ ಕಾಣುತ್ತದೆ, ಹದ್ದುಬಸ್ತು, ಅಂದರೆ ಸರ್ವೇದವರಿಂದ ಹೊಲದ ಗಡಿ ಅಳೆಸುವುದು, ಮಾಡಿಸಬೇಕು. ಡಿಸೆಂಬರಿನಲ್ಲಿ ಬಂದಾಗ ನಾನೇ ಓಡಾಡುತ್ತೇನೆ ಅಂದೆ. "ಅಲ್ಲೀತನ ಯಾಕ? ಅರ್ಜಿ ಕೊಟ್ಟು ಫೀ ತುಂಬೀನಿ. ಸರ್ವೇದವ್ರು ಬರೋ ದಿನ ಬಾಜೂ ಹೊಲದವ್ರಿಗೂ ಹೇಳಿ ನಾನs ಹೋಗಿ ನಿಲ್ತೀನಿ" ಅಂದಳು ಅಕ್ಕ.